ಎಲ್ಲರ ಮನೆಯಲ್ಲಿದ್ದ ಪುಸ್ತಕ

ಹಳೆಯ ಪುಸ್ತಕಗಳ ಸಂಗ್ರಹವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ತಾಳೆಗರಿಯ ಕಟ್ಟು. ಎರಡು ಮರದ ಹಲಗೆಗಳ ನಡುವೆ ದಾರ ಪೋಣಿಸಿಕೊಂಡು, ಹೊಗೆಯ ಬಣ್ಣ ತಳೆದು, ಮಠದ ಅಟ್ಟದಲ್ಲಿಯೋ ಬಸದಿಯ ಭಂಡಾರದಲ್ಲಿಯೋ ಶತಮಾನಗಳನ್ನು ಕಳೆದ ಓಲೆಯ ಪ್ರತಿಯೇ ಅಪೂರ್ವವೆಂದು ನಾವು ತಿಳಿದಿದ್ದೇವೆ. ಅದು ಅಪೂರ್ವವೇ, ಸಂದೇಹವಿಲ್ಲ. ಆದರೆ ಪುರಾಣ, ಐತಿಹ್ಯ, ಜನಪದ ಕಥೆಗಳ ಹಳೆಯ ಪುಸ್ತಕಗಳನ್ನು ಅರಸುತ್ತ ಮೈಸೂರಿನಲ್ಲಿ ನಾಲ್ಕು ದಶಕಗಳನ್ನು ಕಳೆದಿರುವ ನನಗೆ ಬೇರೊಂದು ಮಾತು ಹೇಳಬೇಕೆನಿಸುತ್ತದೆ. ನೂರು ವರ್ಷಗಳ ಹಿಂದೆ ಹಳ್ಳಿಹಳ್ಳಿಯ ಜಾತ್ರೆಯಲ್ಲಿ ಒಂದಾಣೆ ಎರಡಾಣೆಗೆ ಮಾರಾಟವಾಗುತ್ತಿದ್ದ ಅಚ್ಚಿನ ಕಥೆಪುಸ್ತಕ ಇಂದು ಎಷ್ಟೋ ಓಲೆಯ ಪ್ರತಿಗಳಿಗಿಂತ ದುರ್ಲಭವಾಗಿದೆ. ಕೆಲವರ ಮನೆಯಲ್ಲಿ ಮಾತ್ರ ಇದ್ದ ಗ್ರಂಥವನ್ನು ನಾವು ಕಾಪಾಡಿದೆವು. ಎಲ್ಲರ ಮನೆಯಲ್ಲಿದ್ದುದನ್ನು ಕಳೆದುಕೊಂಡೆವು. ಇದು ಹೇಗಾಯಿತು, ಉಳಿದಿರುವುದನ್ನು ಏನು ಮಾಡಬೇಕು ಎಂಬುದು ಈ ಹೊತ್ತಿನ ವಿಚಾರ.

ಕಥೆಗಳ ಗ್ರಂಥ ಕಳೆದುಹೋಗುವುದು ನಮ್ಮ ನಾಡಿಗೆ ಹೊಸತಲ್ಲ. ಕಥೆಗಳ ಕಥೆಯೇ ಅಂಥದೊಂದು ನಷ್ಟದಿಂದ ಆರಂಭವಾಗುತ್ತದೆ. ಗುಣಾಢ್ಯನು ಪೈಶಾಚೀ ಭಾಷೆಯಲ್ಲಿ, ಮಸಿಯಿಲ್ಲದೆ ತನ್ನ ರಕ್ತದಿಂದಲೇ, ಏಳು ಲಕ್ಷ ಶ್ಲೋಕಗಳ ಬೃಹತ್ಕಥೆಯನ್ನು ಬರೆದನೆಂದು 'ಕಥಾಸರಿತ್ಸಾಗರ' ಹೇಳುತ್ತದೆ. ಸಾತವಾಹನ ರಾಜನು ಅದನ್ನು ಕೀಳು ಭಾಷೆಯ ಗ್ರಂಥವೆಂದು ತಿರಸ್ಕರಿಸಿದನು. ನೊಂದ ಕವಿ ಕಾಡಿಗೆ ಹೋಗಿ, ಬೆಂಕಿ ಮಾಡಿ, ಒಂದೊಂದೇ ಎಲೆಯನ್ನು ಮೃಗಪಕ್ಷಿಗಳಿಗೆ ಓದಿ ಹೇಳಿ ಸುಡತೊಡಗಿದನು. ಪ್ರಾಣಿಗಳು ಮೇವು ಬಿಟ್ಟು ಕಣ್ಣೀರು ಸುರಿಸುತ್ತ ಕೇಳಿದವು. ಅರಮನೆಯ ಅಡುಗೆಗೆ ಬರುವ ಮಾಂಸ ಸೊರಗಿ ರಾಜನ ಆರೋಗ್ಯ ಕೆಟ್ಟಾಗ ಕಾರಣ ತಿಳಿಯಿತು. ಅವನು ಓಡಿಬರುವ ವೇಳೆಗೆ ಆರು ಲಕ್ಷ ಶ್ಲೋಕಗಳು ಬೂದಿಯಾಗಿದ್ದವು. ಉಳಿದದ್ದು ಒಂದು ಲಕ್ಷ. ಇದನ್ನು ಕಟ್ಟುಕಥೆಯೆಂದೇ ಇಟ್ಟುಕೊಳ್ಳೋಣ. ಆದರೆ ಒಂದು ಗ್ರಂಥ ಯಾವ ಕಾರಣದಿಂದ ನಾಶವಾಗುತ್ತದೆ ಎಂಬುದನ್ನು ಅದು ಸರಿಯಾಗಿ ಹೇಳಿದೆ. ಬೆಂಕಿಗಿಂತ ಮೊದಲು ಬಂದದ್ದು ತಿರಸ್ಕಾರ.

ಆ ಪೈಶಾಚೀ ಬೃಹತ್ಕಥೆ ಇಂದು ಎಲ್ಲಿಯೂ ಇಲ್ಲ. ಕನ್ನಡ ನಾಡಿಗೂ ಅದಕ್ಕೂ ಹತ್ತಿರದ ನಂಟುಂಟು. ತಲಕಾಡಿನ ಗಂಗರ ದೊರೆ ದುರ್ವಿನೀತನು ಅದನ್ನು ಸಂಸ್ಕೃತಕ್ಕೆ ತಂದನೆಂದು ಗುಮ್ಮರೆಡ್ಡಿಪುರದ ತಾಮ್ರಪಟ ಸಾರುತ್ತದೆ. ತಾಮ್ರದ ತಗಡು ಉಳಿಯಿತು. ಅದು ಹೆಸರಿಸಿದ ಗ್ರಂಥ ಉಳಿಯಲಿಲ್ಲ. ಹನ್ನೊಂದನೆಯ ಶತಮಾನದ ದುರ್ಗಸಿಂಹನು ತನ್ನ ಪಂಚತಂತ್ರದ ಕಥೆಗಳ ಮೂಲವನ್ನು ವಸುಭಾಗಭಟ್ಟನ ಮೂಲಕ ಗುಣಾಢ್ಯನವರೆಗೆ ಒಯ್ಯುತ್ತಾನೆ. ನಮ್ಮ ಮಕ್ಕಳು ಇಂದಿಗೂ ಓದುವ ನರಿ, ಎತ್ತು, ಸಿಂಹಗಳ ಕಥೆಯನ್ನು ಆ ಮಹಾಗ್ರಂಥದ ಒಂದು ತುಣುಕೆಂದೇ ಅವನು ಭಾವಿಸಿದ್ದಾನೆ. ಉಳಿದ ತುಣುಕುಗಳ ಬೆಲೆ ತಿಳಿಯಬೇಕಾದರೆ ಕಳೆದುಹೋದುದರ ಅಳತೆ ಗೊತ್ತಿರಬೇಕು.

ಮೈಸೂರು ಸೀಮೆಯಲ್ಲಿ ಐತಿಹ್ಯಗಳನ್ನು ಗೊತ್ತುಗುರಿಯಿಟ್ಟುಕೊಂಡು ಸಂಗ್ರಹಿಸಿದ ಮೊದಲಿಗರಲ್ಲಿ ಕರ್ನಲ್ ಕಾಲಿನ್ ಮೆಕೆಂಝಿ ಪ್ರಮುಖ. ೧೭೯೯ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಮೈಸೂರು ರಾಜ್ಯದ ಮೋಜಣಿಗೆಂದು ಬಂದ ಈ ಅಧಿಕಾರಿ ನೆಲವನ್ನು ಅಳೆಯುವುದರ ಜೊತೆಗೆ ಊರೂರಿನ ಸ್ಥಳಪುರಾಣ, ವಂಶಾವಳಿ, ಕೈಫಿಯತ್ತುಗಳನ್ನು ಬರೆಸಿದನು. ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಸೋದರರು ಅವನ ಪರವಾಗಿ ಊರೂರು ತಿರುಗಿದರು. ಮೆಕೆಂಝಿ ೧೮೨೧ರಲ್ಲಿ ತೀರಿಕೊಂಡನು. ಅವನ ಪತ್ನಿಯಿಂದ ಸಂಗ್ರಹವನ್ನು ಕಂಪನಿ ಸರ್ಕಾರ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಮುಂದೆ ಅದು ಕಲ್ಕತ್ತ, ಮದರಾಸು, ಲಂಡನ್ ಎಂದು ಹಂಚಿಹೋಯಿತು. ನಮ್ಮ ಊರಿನ ಕೆರೆಯ ಕಥೆ, ಕೋಟೆಯ ಕಥೆಗಳನ್ನು ನಾವು ಪರಸ್ಥಳದಲ್ಲಿ ಹುಡುಕುವಂತಾಯಿತು. ಈ ಕೈಫಿಯತ್ತುಗಳಲ್ಲಿ ಕನ್ನಡ ನಾಡಿಗೆ ಸಂಬಂಧಿಸಿದವನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ್ದು ಎಷ್ಟೋ ತಲೆಮಾರುಗಳ ಅನಂತರ.

ಮೆಕೆಂಝಿಯ ಸಂಪರ್ಕಕ್ಕೆ ಬಂದ ನಮ್ಮವನೊಬ್ಬನನ್ನು ಇಲ್ಲಿ ನೆನೆಯಬೇಕು. ಆತ ಕನಕಗಿರಿಯ, ಎಂದರೆ ಇಂದಿನ ಚಾಮರಾಜನಗರ ಜಿಲ್ಲೆಯ ಮಲೆಯೂರಿನ, ಜೈನ ಕವಿ ದೇವಚಂದ್ರ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಆತ ಬರೆದ 'ರಾಜಾವಳಿ ಕಥೆ' ಚರಿತ್ರೆ, ಐತಿಹ್ಯ, ಕೇಳಿಕೆಯ ಕಥೆಗಳು ಕಲೆತ ಒಂದು ವಿಚಿತ್ರ ಭಂಡಾರ. ಚರಿತ್ರಕಾರರು ಅದರ ಕಾಲಗಣನೆಯನ್ನು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ. ತನ್ನ ಸುತ್ತಲಿನ ಜನ ಏನನ್ನು ನಿಜವೆಂದು ಹೇಳಿಕೊಳ್ಳುತ್ತಿದ್ದರು ಎಂಬುದನ್ನು ಅವನು ಬರೆದಿಟ್ಟನು. ಕಥೆಗಳನ್ನು ಸಂಗ್ರಹಿಸುವವನಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ಇದೇ ಕಾಲದಲ್ಲಿ ಮೈಸೂರಿನ ಅರಮನೆಯೂ ಕಥೆಗಳ ಆಶ್ರಯಸ್ಥಾನವಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೩೧ರಲ್ಲಿ ರಾಜ್ಯಾಡಳಿತವನ್ನು ಕಳೆದುಕೊಂಡರು. ಆದರೆ ೧೮೬೮ರಲ್ಲಿ ದೇಹ ಬಿಡುವವರೆಗೆ ವಿದ್ವಾಂಸರನ್ನು ಬಿಟ್ಟುಕೊಡಲಿಲ್ಲ. ಕೆಂಪುನಾರಾಯಣನ 'ಮುದ್ರಾಮಂಜೂಷ' ೧೮೨೩ರಷ್ಟು ಹಿಂದೆಯೇ ಅವರ ಆಶ್ರಯದಲ್ಲಿ ಹೊರಬಂದಿತ್ತು. ಮಹಾಭಾರತವನ್ನು ಕನ್ನಡ ಗದ್ಯದಲ್ಲಿ ಹೇಳುವ 'ಕೃಷ್ಣರಾಜವಾಣೀವಿಲಾಸ', ದೇವತೆಗಳ ರೂಪಲಕ್ಷಣಗಳನ್ನು ಚಿತ್ರಸಹಿತ ವಿವರಿಸುವ 'ಶ್ರೀತತ್ತ್ವನಿಧಿ' ಅವರ ಹೆಸರಿನಲ್ಲಿವೆ. ಆಳಲು ರಾಜ್ಯವಿಲ್ಲದ ಅರಸು ಪುರಾಣಲೋಕವನ್ನು ಒಂಬತ್ತು ನಿಧಿಗಳಾಗಿ ವಿಂಗಡಿಸಿ ಓರಣವಾಗಿ ಜೋಡಿಸಿದ್ದರಲ್ಲಿ ಮನಸ್ಸನ್ನು ಕಲಕುವ ಸಂಗತಿಯೊಂದಿದೆ.

೧೮೯೧ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಮೈಸೂರಿನ ಪ್ರಾಚ್ಯ ಗ್ರಂಥಾಲಯ ಸ್ಥಾಪನೆಯಾಯಿತು. ೧೯೧೬ರಲ್ಲಿ ಅದು ವಿಶ್ವವಿದ್ಯಾನಿಲಯಕ್ಕೆ ಸೇರಿತು. ೧೯೪೩ರಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರು ಪಡೆಯಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದ್ದು ಲೋಕಪ್ರಸಿದ್ಧ. ಕನ್ನಡದ ಪಾಲಿಗೂ ಅದು ಸುಗ್ಗಿಯ ಕಾಲವೇ. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳು ೧೯೦೭, ೧೯೧೯, ೧೯೨೯ರಲ್ಲಿ ಬಂದವು. ಹತ್ತೊಂಬತ್ತು ಕಥೆಗಳ ಪ್ರಾಚೀನ ಗದ್ಯಗ್ರಂಥ 'ವಡ್ಡಾರಾಧನೆ'ಯನ್ನು ಡಿ. ಎಲ್. ನರಸಿಂಹಾಚಾರ್ಯರು ಶಾಸ್ತ್ರೀಯವಾಗಿ ಸಂಪಾದಿಸಿ ೧೯೪೯ರಲ್ಲಿ ಮೈಸೂರಿನಿಂದ ಹೊರತಂದರು. ಒಂದೊಂದು ಪದಕ್ಕೂ ಹಲವು ಪ್ರತಿಗಳನ್ನು ಹೋಲಿಸಿ, ಪಾಠಾಂತರ ಗುರುತಿಸಿ, ಅರ್ಥ ನಿರ್ಣಯಿಸಿದ ಆ ತಲೆಮಾರಿನ ಶ್ರದ್ಧೆಗೆ ಕನ್ನಡ ಎಂ.ಎ. ಓದಿದ ನಮ್ಮಂಥವರೆಲ್ಲ ಋಣಿಗಳು.

ಆದರೆ ಆ ಶ್ರದ್ಧೆಗೆ ಒಂದು ಆಯ್ಕೆಯೂ ಇತ್ತು. ಹಳೆಯದು, ಕಾವ್ಯಗುಣವುಳ್ಳದ್ದು, ಕವಿಯ ಹೆಸರು ಕಾಲ ತಿಳಿದದ್ದು ಸಂಗ್ರಹಯೋಗ್ಯ. ಆಗತಾನೆ ಅಚ್ಚಾಗಿ ಪೇಟೆಯಲ್ಲಿ ಮಾರಾಟವಾಗುತ್ತಿದ್ದ ಬತ್ತೀಸ ಪುತ್ತಳಿಯ ಕಥೆ, ಬೇತಾಳನ ಕಥೆ, ಶನಿಮಹಾತ್ಮೆ, ನಳಚರಿತ್ರೆ, ತೆನಾಲಿ ರಾಮಕೃಷ್ಣನ ಹಾಸ್ಯ, ಸ್ಥಳಮಹಾತ್ಮೆಯ ಪುಟ್ಟ ಪುಸ್ತಕ ಇವುಗಳನ್ನು ತಂದಿಡಬೇಕೆಂದು ಯಾರಿಗೂ ತೋರಲಿಲ್ಲ. ತೋರುವುದಾದರೂ ಹೇಗೆ? ಬಾಗಿಲಾಚೆ ಬೀದಿಯಲ್ಲಿಯೇ ಮಾರುವ ವಸ್ತುವನ್ನು ಭಂಡಾರದಲ್ಲಿ ಯಾರು ಇಡುತ್ತಾರೆ? ಅಂದಿನ ವಿದ್ವಾಂಸರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಪ್ರತಿಯೊಂದು ಕಾಲವೂ ತನ್ನ ಅಜ್ಜನ ಕಾಲದ್ದನ್ನು ಪೂಜಿಸಿ ತನ್ನ ಕಾಲದ್ದನ್ನು ಎಸೆಯುತ್ತದೆ.

ಅಚ್ಚಿನ ಪುಸ್ತಕಗಳ ಹುಟ್ಟನ್ನು ಸ್ವಲ್ಪ ನೋಡೋಣ. ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದದ್ದು ೧೮೧೭ರಲ್ಲಿ. ಕಥೆ ಪುರಾಣಗಳಿಗೆ ಮುದ್ರಣದ ಭಾಗ್ಯ ದೊಡ್ಡ ಪ್ರಮಾಣದಲ್ಲಿ ಬಂದದ್ದು ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗನಿಂದ. ಮದರಾಸು ಸರ್ಕಾರದಲ್ಲಿ ನ್ಯಾಯಾಧೀಶನಾಗಿದ್ದ ಕಾಸಾಮೇಜರ್ ಎಂಬಾತ ಹಣ ಒದಗಿಸಿದನು. ೧೮೪೮ರಿಂದ ಆಚೆಗಿನ ಕೆಲವೇ ವರ್ಷಗಳಲ್ಲಿ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಹೊರಬಂದವು. ಕ್ರೈಸ್ತಧರ್ಮದ ಪ್ರಚಾರಕ್ಕೆಂದು ಬಂದವನು ವೀರಶೈವ ಪುರಾಣಗಳನ್ನೂ ಹರಿದಾಸರ ಹಾಡುಗಳನ್ನೂ ಅಚ್ಚು ಹಾಕಿಸಿದನೆಂಬುದು ಚರಿತ್ರೆಯ ಸ್ವಾರಸ್ಯಗಳಲ್ಲೊಂದು.

ಕಲ್ಲಚ್ಚೆಂದರೆ ಏನೆಂದು ಇಂದಿನವರಿಗೆ ಹೇಳಬೇಕಾಗುತ್ತದೆ. ಮೊಳೆಗಳನ್ನು ಜೋಡಿಸುವ ಕೆಲಸ ಅದರಲ್ಲಿಲ್ಲ. ಜಿಡ್ಡಿನ ಮಸಿಯಲ್ಲಿ ಬರೆದುದನ್ನು ನಯವಾದ ಸುಣ್ಣಕಲ್ಲಿನ ಮೇಲೆ ಇಳಿಸುತ್ತಾರೆ. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿಯ ಉರುಳೆಯನ್ನು ಓಡಿಸಿದರೆ, ನೀರಿದ್ದಲ್ಲಿ ಮಸಿ ಹಿಡಿಯುವುದಿಲ್ಲ; ಬರೆದ ಗೆರೆಯಲ್ಲಿ ಮಾತ್ರ ಹಿಡಿಯುತ್ತದೆ. ಆದ್ದರಿಂದ ಕಲ್ಲಚ್ಚಿನ ಪುಸ್ತಕದಲ್ಲಿ ನಾವು ಕಾಣುವುದು ಲಿಪಿಕಾರನ ಕೈಬರಹವನ್ನೇ. ಸಾಲು ಕೊಂಚ ಮೇಲೇರಿರುತ್ತದೆ. ಒಂದೇ ಅಕ್ಷರ ಒಂದು ಪುಟದಲ್ಲಿ ದುಂಡಗೆ, ಇನ್ನೊಂದರಲ್ಲಿ ಚಪ್ಪಟೆಯಾಗಿರುತ್ತದೆ. ಓಲೆಯ ಕಾಲಕ್ಕೂ ಮೊಳೆಯ ಕಾಲಕ್ಕೂ ನಡುವಣ ಸೇತುವೆ ಅದು. ಹಳೆಯ ಪುಸ್ತಕವನ್ನು ಕೈಗೆತ್ತಿಕೊಂಡವರು ಮುಖಪುಟವಿಲ್ಲವೆಂದು ಕೆಳಗಿಡಬಾರದು. ಅಕ್ಷರದ ಒಡಲನ್ನು ನೋಡಬೇಕು. ಅದು ಬರಹದಂತೆ ತೋರಿದರೆ ಜೋಪಾನ ಮಾಡಬೇಕು.

ಮುಂದೆ ಮೊಳೆಯಚ್ಚು ಅಗ್ಗವಾಯಿತು. ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳಲ್ಲಿ ಮುದ್ರಣಾಲಯಗಳು ಹೆಚ್ಚಿದವು. ಕರಾವಳಿಯಲ್ಲಿ ಯಕ್ಷಗಾನ ಪ್ರಸಂಗಗಳನ್ನು ಉಡುಪಿಯ ಪಾವಂಜೆ ಗುರುರಾಯರಂಥವರು ಅಚ್ಚು ಹಾಕಿ ಭಾಗವತರ ಕೈಗೆ ಕೊಟ್ಟರು. ನಮ್ಮ ಸೀಮೆಯಲ್ಲಿ ನಂಜನಗೂಡಿನ ದೊಡ್ಡ ಜಾತ್ರೆ, ಚುಂಚನಕಟ್ಟೆಯ ದನಗಳ ಜಾತ್ರೆ, ತಲಕಾಡಿನ ಬಳಿಯ ಮುಡುಕುತೊರೆಯ ಜಾತ್ರೆಗಳಲ್ಲಿ ಬಳೆ, ಬತ್ತಾಸು, ಕಡಲೆಪುರಿಗಳ ನಡುವೆ ಗೋಣಿಯ ತಾಟು ಹಾಸಿ ಪುಸ್ತಕ ಮಾರುವವರು ಕೂರುತ್ತಿದ್ದರು. ಓದಲು ಬಲ್ಲವನು ಊರಿಗೊಬ್ಬನಿದ್ದರೂ ಸಾಕಾಗಿತ್ತು. ಅವನು ಓದಿದ್ದನ್ನು ಜಗಲಿಯ ತುಂಬ ಜನ ಕೇಳುತ್ತಿದ್ದರು. ಶ್ರಾವಣ ಶನಿವಾರಗಳಂದು ಶನಿಮಹಾತ್ಮೆಯನ್ನು ಓದಿಸುವ ಪದ್ಧತಿ ನಮ್ಮ ಕಡೆ ಇಂದಿಗೂ ಉಂಟು. ವಿಕ್ರಮರಾಜನು ಕೈಕಾಲು ಕಳೆದುಕೊಂಡು ಗಾಣದ ಮನೆಯಲ್ಲಿ ಕೂತ ಸನ್ನಿವೇಶ ಬಂದಾಗ, ಅಕ್ಷರವೇ ಅರಿಯದ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಇಂಥ ಪುಸ್ತಕದ ಪ್ರತಿ ದೊರೆತರೆ ಅದರ ಕೊಳೆಯನ್ನು ಮೊದಲು ನೋಡಬೇಕೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಪುಟದ ಮೂಲೆಯಲ್ಲಿ ಅರಿಸಿನದ ಗುರುತು, ದೀಪದ ಎಣ್ಣೆಯ ಕಲೆ, ಹೆಚ್ಚು ಸಲ ಓದಿದ ಅಧ್ಯಾಯದಲ್ಲಿ ಸವೆದ ಅಂಚು, ಕೊನೆಯ ಖಾಲಿ ಹಾಳೆಯಲ್ಲಿ ಮಗುವಿನ ಜನ್ಮನಕ್ಷತ್ರ, ಕೊಟ್ಟ ಸಾಲದ ಲೆಕ್ಕ, ರಾಗಿಯ ಪಲ್ಲಗಳ ಎಣಿಕೆ. ಒಮ್ಮೆ ನನ್ನ ಕೈಗೆ ಬಂದ ನಳಚರಿತ್ರೆಯ ಪ್ರತಿಯೊಂದರಲ್ಲಿ, ದಮಯಂತಿಯನ್ನು ನಳನು ಕಾಡಿನಲ್ಲಿ ಬಿಟ್ಟುಹೋಗುವ ಪುಟದ ಪಕ್ಕದಲ್ಲಿ, ಯಾರೋ ಹೆಣ್ಣುಮಗಳು ಸೀಸದ ಕಡ್ಡಿಯಿಂದ ತಪ್ಪುತಪ್ಪು ಅಕ್ಷರಗಳಲ್ಲಿ ತನ್ನ ತವರೂರಿನ ಹೆಸರನ್ನು ಮೂರು ಬಾರಿ ಬರೆದಿದ್ದಳು. ಹೆಣ್ಣುಮಗಳೆಂದು ಗೊತ್ತಾದದ್ದು ಮುಂದಿನ ಪುಟದಲ್ಲಿ ಅದೇ ಕೈಬರಹದಲ್ಲಿದ್ದ ಹೆಸರಿನಿಂದ. ಆ ಕಥೆ ಯಾರಿಗೆ ಏನಾಗಿತ್ತೆಂದು ತಿಳಿಸುವ ಇಂಥ ಸಾಕ್ಷ್ಯ ಯಾವ ಕವಿಚರಿತೆಯಲ್ಲಿ ಸಿಕ್ಕೀತು? ಅಂಚನ್ನು ಕತ್ತರಿಸಿ ಹೊಸ ರಟ್ಟು ಕಟ್ಟಿಸಿದರೆ ಪುಸ್ತಕ ಅಂದವಾಗುತ್ತದೆ; ಆ ಸಾಕ್ಷ್ಯ ಬೈಂಡರನ ಕಸದ ಬುಟ್ಟಿಗೆ ಹೋಗುತ್ತದೆ.

ಹಾಗಾದರೆ ಇಷ್ಟು ಸಾವಿರ ಪ್ರತಿಗಳು ಹೋದದ್ದೆಲ್ಲಿಗೆ? ಮೊದಲನೆಯ ಕಾರಣ ಕಾಗದ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಮರದ ತಿರುಳಿನ ಅಗ್ಗದ ಕಾಗದ ಬಳಕೆಗೆ ಬಂತು. ಅದರಲ್ಲಿರುವ ಆಮ್ಲ ಕಾಗದವನ್ನು ಒಳಗಿನಿಂದಲೇ ತಿನ್ನುತ್ತದೆ. ಹಾಳೆ ಹಳದಿಯಾಗಿ, ಕಂದಾಗಿ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ಎಣ್ಣೆ ಸವರಿಸಿಕೊಂಡು ಬೆಚ್ಚಗೆ ಮಲಗಿದ ತಾಳೆಗರಿ ಮುನ್ನೂರು ವರ್ಷ ಬಾಳಿದ್ದುಂಟು. ಈ ಕಾಗದಕ್ಕೆ ನೂರು ವರ್ಷವೇ ವೃದ್ಧಾಪ್ಯ. ಎರಡನೆಯ ಕಾರಣ ನಮ್ಮ ಭಕ್ತಿ. ದೇವರ ಕಥೆಯಿರುವ ಹರಿದ ಪುಸ್ತಕವನ್ನು ಕಸಕ್ಕೆ ಹಾಕಬಾರದೆಂದು ಕಾವೇರಿಯಲ್ಲಿಯೋ ಕಪಿಲೆಯಲ್ಲಿಯೋ ಬಿಟ್ಟುಬಂದವರು ಎಷ್ಟೋ ಮಂದಿ. ಮೂರನೆಯದು ನಮ್ಮ ಅಭಕ್ತಿ. ಓದು ಬಂದ ಮಕ್ಕಳಿಗೆ ಅಜ್ಜಿಯ ಪುಸ್ತಕ ಹಳ್ಳಿಯದಾಗಿ ಕಂಡಿತು. ಅದು ತೂಕದ ಲೆಕ್ಕದಲ್ಲಿ ರದ್ದಿಯಂಗಡಿಗೆ ಹೋಗಿ ಕಡಲೆಕಾಯಿಯ ಪೊಟ್ಟಣವಾಯಿತು.

ರದ್ದಿಯ ದಾರಿಯಲ್ಲಿ ಹೋಗುತ್ತಿದ್ದ ಪುಸ್ತಕಗಳಿಗೆ ಮೈಸೂರಿನಲ್ಲಿ ಒಂದು ತಂಗುದಾಣವಿತ್ತು. ವೈಸರಾಯ್ ಲ್ಯಾನ್ಸ್‌ಡೌನನ ಭೇಟಿಯ ನೆನಪಿಗೆಂದು ೧೮೯೨ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳಿದ್ದವು. ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದಾಗ, ಮುಂದೆ ಪಾಠ ಹೇಳತೊಡಗಿದಾಗ, ಚಿಕ್ಕಗಡಿಯಾರದ ಕಡೆ ಹೋದವನು ಅಲ್ಲಿ ಒಂದು ಗಳಿಗೆ ನಿಲ್ಲದೆ ಬಂದದ್ದಿಲ್ಲ. ಶಾಲಾಪುಸ್ತಕಗಳು, ಎಂಜಿನಿಯರಿಂಗ್ ಗೈಡುಗಳ ರಾಶಿಯ ಅಡಿಯಲ್ಲಿ ರಟ್ಟಿಲ್ಲದ ಒಂದು ಜೈಮಿನಿ ಭಾರತ, ಮೊದಲ ಹದಿನಾರು ಪುಟಗಳಿಲ್ಲದ ಒಂದು ಬೇತಾಳ ಕಥೆ ಸಿಗುತ್ತಿದ್ದವು. ಅಂಗಡಿಯವರು, "ಇದೊಂದು ಹರಕಲು ಸ್ವಾಮಿ, ಏನು ಬೇಕಾದರೂ ಕೊಡಿ" ಎನ್ನುತ್ತಿದ್ದರು. ೨೦೧೨ರ ಆಗಸ್ಟ್ ೨೫ರಂದು ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಬಿಟ್ಟರು. ಜೀವಹಾನಿಯ ಮುಂದೆ ಪುಸ್ತಕದ ಮಾತು ಸಣ್ಣದು. ಆದರೂ ಆ ಅಂಗಡಿಗಳು ಚದುರಿದ ಮೇಲೆ, ಹಳೆಯ ಮನೆಯ ಅಟ್ಟದಿಂದ ಇಳಿದ ಪುಸ್ತಕಕ್ಕೂ ಅದನ್ನು ಗುರುತಿಸಬಲ್ಲ ಕಣ್ಣಿಗೂ ಸಂಧಿಯಾಗುವ ಸ್ಥಳವೊಂದು ಊರಿನಿಂದ ಮರೆಯಾಯಿತು.

ಅಚ್ಚಿನ ಪುರಾಣಗಳ ಗತಿ ಹೀಗಾದರೆ, ಬಾಯಿಮಾತಿನ ಕಥೆಗಳ ಹಾದಿ ಬೇರೆ. ಅವನ್ನು ಪುಸ್ತಕಕ್ಕೆ ತಂದ ಮೊದಲಿಗರಲ್ಲಿ ಪರದೇಶದವರೇ ಹೆಚ್ಚು. ಮುಂಬಯಿಯ ಗವರ್ನರನ ಮಗಳು ಮೇರಿ ಫ್ರೇರ್ ತನ್ನ ಆಯಾ ಅನ್ನಾ ಲಿಬರಾಟಾ ಡಿಸೋಜಾಳ ಬಾಯಿಂದ ಕೇಳಿದ ಕಥೆಗಳನ್ನು 'ಓಲ್ಡ್ ಡೆಕ್ಕನ್ ಡೇಸ್' ಎಂಬ ಹೆಸರಿನಿಂದ ೧೮೬೮ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದಳು. ಚಾರ್ಲ್ಸ್ ಗೋವರ್ ದಕ್ಷಿಣ ಭಾರತದ ಜನರ ಹಾಡುಗಳ ಸಂಗ್ರಹವನ್ನು ೧೮೭೧ರಲ್ಲಿ ತಂದನು. ಅದರಲ್ಲಿ ಕನ್ನಡದ ದಾಸರ ಪದಗಳಿಗೆ ಗೌರವದ ಸ್ಥಾನವಿದೆ. ಶಾಸನತಜ್ಞ ಫ್ಲೀಟ್ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರನ್ನು ಕುರಿತ ಲಾವಣಿಗಳನ್ನು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ೧೮೮೫ರಿಂದ ಪ್ರಕಟಿಸಿದನು. ತಾನು ಸೇವೆ ಸಲ್ಲಿಸುತ್ತಿದ್ದ ಸರ್ಕಾರದ ವಿರುದ್ಧ ದಂಗೆಯೆದ್ದವರ ಹಾಡನ್ನು ಆ ಸರ್ಕಾರದ ಅಧಿಕಾರಿಯೇ ಬರೆದುಕೊಂಡನು.

ನಮ್ಮವರೇ ನಮ್ಮ ಹಾಡನ್ನು ಪ್ರೀತಿಯಿಂದ ಕೂಡಿಸಲು ತೊಡಗಿದ್ದು ೧೯೩೦ರ ಸುಮಾರಿಗೆ. ಹಲಸಂಗಿಯ ಗೆಳೆಯರ 'ಗರತಿಯ ಹಾಡು' ೧೯೩೧ರಲ್ಲಿ ಬಂದಿತು. ಎರಡು ವರ್ಷಗಳ ಬಳಿಕ, ೧೯೩೩ರಲ್ಲಿ, ಬಂಡಿಹೊಳೆಯ ಅರ್ಚಕ ಬಿ. ರಂಗಸ್ವಾಮಿಯವರ 'ಹುಟ್ಟಿದ ಹಳ್ಳಿ ಹಳ್ಳಿಯ ಹಾಡು' ಹೊರಬಂದಿತು. ಒಂದು ಹಳ್ಳಿಯನ್ನೇ ಕುರಿತು, ಆ ಹಳ್ಳಿಯವನೇ ಬರೆದ ಪುಸ್ತಕವದು. ೧೯೬೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿ, ಜೀ. ಶಂ. ಪರಮಶಿವಯ್ಯ, ಪಿ. ಆರ್. ತಿಪ್ಪೇಸ್ವಾಮಿ ಮೊದಲಾದವರ ದುಡಿಮೆಯಿಂದ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು. ನೀಲಗಾರರೂ ತಂಬೂರಿಯವರೂ ದೇವರಗುಡ್ಡರೂ ಹಾಡುವ ಕಥೆಗಳು ಧ್ವನಿಸುರುಳಿಗೆ, ಅಲ್ಲಿಂದ ಪುಸ್ತಕಕ್ಕೆ ಬಂದವು. ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿದ 'ಮಲೆಯ ಮಾದೇಶ್ವರ' ೧೯೭೩ರಲ್ಲಿ ಪ್ರಕಟವಾಯಿತು. ವಿಷಾದವೆಂದರೆ, ನಶಿಸುವ ಬಾಯಿಮಾತನ್ನು ಉಳಿಸಲೆಂದು ಅಚ್ಚಾದ ಇಂಥ ಪುಸ್ತಕಗಳ ಮೊದಲ ಮುದ್ರಣದ ಪ್ರತಿಗಳೇ ಈಗ ನಶಿಸುತ್ತಿವೆ.

ನಮ್ಮಲ್ಲಿ ಇಲ್ಲದ್ದು ಇನ್ನೆಲ್ಲಾದರೂ ಇದೆಯೆ? ಇದೆ. ಬ್ರಿಟಿಷ್ ಇಂಡಿಯಾದಲ್ಲಿ ೧೮೬೭ರ ಕಾಯಿದೆಯಂತೆ ಅಚ್ಚಾದ ಪುಸ್ತಕಗಳನ್ನು ಸರ್ಕಾರದಲ್ಲಿ ನೋಂದಾಯಿಸಬೇಕಾಗಿತ್ತು, ಪ್ರತಿಗಳನ್ನು ಒಪ್ಪಿಸಬೇಕಾಗಿತ್ತು. ಜನ ಏನು ಓದುತ್ತಿದ್ದಾರೆಂದು ಕಣ್ಣಿಡುವುದೂ ಅದರ ಉದ್ದೇಶಗಳಲ್ಲೊಂದು. ಆ ಕಣ್ಗಾವಲು ಕಾವ್ಯವೆಂದೂ ಕಡಲೆಪುರಿಯೆಂದೂ ಭೇದವೆಣಿಸಲಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ಕನ್ನಡ, ಬಡಗ, ಕೊಡಗು ಪುಸ್ತಕಗಳ ಸೂಚಿಯನ್ನು ಎಲ್. ಡಿ. ಬಾರ್ನೆಟ್ ೧೯೧೦ರಲ್ಲಿ ಪ್ರಕಟಿಸಿದನು. ಅದನ್ನು ತಿರುವಿ ಹಾಕುವಾಗ ಹೆಮ್ಮೆಯೂ ನೋವೂ ಒಟ್ಟಿಗೆ ಬರುತ್ತವೆ. ವಿದ್ವಾಂಸರ ಪ್ರೀತಿ ಉಳಿಸದೆ ಬಿಟ್ಟ ಜಾತ್ರೆಯ ಪುಸ್ತಕವನ್ನು ಪರಕೀಯ ಸರ್ಕಾರದ ಸಂಶಯ ಉಳಿಸಿತು. ಏಕೆಂದರೆ ಸಂಶಯ ಆಯ್ಕೆ ಮಾಡಲಿಲ್ಲ.

ಆಯ್ಕೆ ಮಾಡದೆ ಪ್ರೀತಿಸಿದವರೊಬ್ಬರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯ ಅಂಕೇಗೌಡರು ಒಂದು ಕಾಲಕ್ಕೆ ಬಸ್ ಕಂಡಕ್ಟರರಾಗಿದ್ದವರು. ಆಮೇಲೆ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಸಂಬಳವನ್ನು ಪುಸ್ತಕಕ್ಕೆ ಸುರಿದವರು. ಮೈಸೂರಿನಲ್ಲಿದ್ದ ತಮ್ಮ ಸ್ವತ್ತನ್ನೂ ಅದಕ್ಕಾಗಿಯೇ ಮಾರಿದರು. ಅವರ 'ಪುಸ್ತಕಮನೆ'ಯಲ್ಲಿ ಇಪ್ಪತ್ತು ಲಕ್ಷದಷ್ಟು ಪುಸ್ತಕಗಳಿವೆಯೆಂದು ವರದಿಗಳು ಹೇಳುತ್ತವೆ. ಯಾರು ಬೇಕಾದರೂ ಹೋಗಿ ನೋಡಬಹುದು. ೨೦೨೬ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾದಾಗ ಪುಸ್ತಕ ಕೂಡಿಡುವ ಗೀಳಿನವರೆಲ್ಲ ತಮಗೇ ಸಂದಂತೆ ಹಿಗ್ಗಿದರು. ಅಲ್ಲಿ ಎಲ್ಲವೂ ಓರಣವಾಗಿಲ್ಲ, ಸೂಚಿಯಿಲ್ಲ ಎಂದು ಮೂಗು ಮುರಿಯುವವರುಂಟು. ಇರಲಿ. ಸೂಚಿಯನ್ನು ನಾಳೆ ಮಾಡಬಹುದು. ಪುಸ್ತಕವೇ ಇಲ್ಲದೆ ಹೋದರೆ ಸೂಚಿ ಯಾವುದಕ್ಕೆ?

ಹೀಗೆಂದ ಮಾತ್ರಕ್ಕೆ ಕೂಡಿಡುವುದೇ ಪರಮಧರ್ಮವಲ್ಲ. ಬೀರುವಿನಲ್ಲಿಟ್ಟು ಬೀಗ ಜಡಿದು, ತನ್ನಲ್ಲಿ ಮಾತ್ರ ಇದೆಯೆಂದು ಬೀಗುವ ಸಂಗ್ರಾಹಕರನ್ನೂ ನಾನು ಕಂಡಿದ್ದೇನೆ. ಅವರಿಗೆ ಹೇಳಬೇಕಾದ ಕಥೆಯೊಂದು ಕನ್ನಡದಲ್ಲಿಯೇ ಇದೆ. ಮೈಸೂರಿನಲ್ಲಿ ೧೯೨೯ರಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿ, ಶಿಕಾಗೋದಲ್ಲಿ ಪ್ರಾಧ್ಯಾಪಕರಾಗಿ, ೧೯೯೩ರ ಕೊನೆಯುಸಿರಿನವರೆಗೂ ಕನ್ನಡದ ಅಜ್ಜಿಕಥೆಗಳನ್ನು ಬಿಡದಿದ್ದ ಎ. ಕೆ. ರಾಮಾನುಜನ್ ಅದನ್ನು ಲೋಕಕ್ಕೆಲ್ಲ ಪರಿಚಯಿಸಿದರು. ಒಬ್ಬ ಗೃಹಿಣಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವೆರಡೂ ಅವಳು ನಿದ್ರಿಸುತ್ತಿದ್ದಾಗ ಹೊರಬಿದ್ದವು. ಕಥೆ ಬಾಗಿಲಲ್ಲಿ ಗಂಡಸಿನ ಜೋಡಾಯಿತು, ಹಾಡು ಗೂಟಕ್ಕೆ ನೇತಾಡುವ ಅಂಗಿಯಾಯಿತು. ಮನೆಗೆ ಬಂದ ಗಂಡ ಸಂಶಯಪಟ್ಟು, ಜಗಳವಾಡಿ, ಹನುಮಂತರಾಯನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳು ರಾತ್ರಿ ಅಲ್ಲಿ ಸೇರಿ ಮಾತಾಡಿಕೊಂಡಾಗ ಅವನಿಗೆ ನಿಜ ತಿಳಿಯಿತು. ಬೆಳಗಾಗೆದ್ದು ಬಂದು ಹೆಂಡತಿಯನ್ನು ಕೇಳಿದರೆ, ಅವಳು, "ಯಾವ ಕಥೆ? ಯಾವ ಹಾಡು?" ಎಂದಳು. ಅವಳಿಗೆ ಅಷ್ಟರಲ್ಲಿ ಎರಡೂ ಮರೆತುಹೋಗಿದ್ದವು.

ಹೇಳದ ಕಥೆಯ ಗತಿಯೇ ತೆರೆಯದ ಪುಸ್ತಕದ ಗತಿ. ಆದ್ದರಿಂದ ಹಳೆಯ ಪುಸ್ತಕ ಉಳ್ಳವರಿಗೆ ಕೆಲವು ಕರ್ತವ್ಯಗಳಿವೆ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬಾರದು. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಅಕ್ಷರವನ್ನೇ ನುಂಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಬಾರದು. ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ, ನೇರ ಬಿಸಿಲು ಬೀಳದ ಕಡೆ ಇಡಬೇಕು. ಪುಸ್ತಕ ಯಾವ ಊರಿನ, ಯಾರ ಮನೆಯದು, ಯಾವ ಸಂದರ್ಭದಲ್ಲಿ ಓದುತ್ತಿದ್ದರು ಎಂಬುದನ್ನು ಬೇರೆ ಚೀಟಿಯಲ್ಲಿ ಬರೆದು ಒಳಗಿಡಬೇಕು. ಊರು ಕಳೆದುಕೊಂಡ ಪುಸ್ತಕ ಅರ್ಧ ಕುರುಡು. ಈಗ ಪುಟಪುಟದ ಛಾಯಾಚಿತ್ರ ತೆಗೆಯುವುದು ಮಕ್ಕಳಿಗೂ ಸಾಧ್ಯವಾದ ಕೆಲಸ. ಅದನ್ನು ನಾಲ್ಕು ಜನರ ಬಳಿ ಇರುವಂತೆ ಮಾಡಬೇಕು. ತಮ್ಮಿಂದ ಸಾಕಲಾಗದೆಂದು ತೋರಿದರೆ, ನದಿಗೂ ರದ್ದಿಗೂ ಕೊಡುವ ಮೊದಲು ವಿಶ್ವವಿದ್ಯಾನಿಲಯಕ್ಕೋ ಪುಸ್ತಕಮನೆಯಂಥ ತಾಣಕ್ಕೋ ಒಂದು ಮಾತು ಕೇಳಬೇಕು.

ಮೈಸೂರಿನ ಮನೆಗಳಲ್ಲಿ ನವರಾತ್ರಿಯ ಸರಸ್ವತೀ ಪೂಜೆಯಂದು ಪುಸ್ತಕಗಳನ್ನು ಮಣೆಯ ಮೇಲಿಟ್ಟು ಅರಿಸಿನ ಕುಂಕುಮ ಏರಿಸುವ ಪದ್ಧತಿ ಇದೆ. ಸಾಮಾನ್ಯವಾಗಿ ನಾವು ಇಡುವುದು ರಟ್ಟು ಗಟ್ಟಿಯಾದ, ನೋಡಲು ಲಕ್ಷಣವಾದ ಗ್ರಂಥಗಳನ್ನು. ಈ ಸಲ ಪೂಜೆಗೆ ಮುನ್ನ ಅಟ್ಟದ ಪೆಟ್ಟಿಗೆಯನ್ನೊಮ್ಮೆ ಇಳಿಸಿ ನೋಡಿ ಎಂಬುದು ನನ್ನ ಪ್ರಾರ್ಥನೆ. ಅಲ್ಲಿ ರಟ್ಟು ಕಿತ್ತ, ಮೊದಲ ಪುಟಗಳಿಲ್ಲದ, ಎಣ್ಣೆಯ ಕಲೆಯಾದ ಸಣ್ಣ ಕಥೆಪುಸ್ತಕವೊಂದು ಸಿಕ್ಕರೆ, ಅದನ್ನೂ ಮಣೆಯ ಮೇಲಿಡಿ. ಪೂಜೆ ಮುಗಿದ ಮೇಲೆ ಮನೆಯ ಹಿರಿಯರನ್ನು ಕೂರಿಸಿಕೊಂಡು, ಇದನ್ನು ಯಾರು ಓದುತ್ತಿದ್ದರು ಎಂದು ಕೇಳಿ ಬರೆದಿಡಿ. ಉತ್ತರ ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ.